ಮಕ್ಕಳು ಕೇಳುವಾಗ ನಾವು ಹೇಳುವದೇನು?

ಧ್ಯಾನದ ಭಾಗ: ಯೆಹೋಶುವ 4ನೆಯ ಅಧ್ಯಾಯ, ನ್ಯಾಯಸ್ಥಾಪಕರು 2:6-12.



ನಮ್ಮ ಸೀಮೆಯಲ್ಲಿ ಜೋಳದ ಸುಗ್ಗಿ ಬಂದಾಗ ತಿಳುವಳಿಕೆಯುಳ್ಳ ರೈತನು ಮೊದಲು ಮಾಡುತ್ತಿದ್ದ ಕೆಲಸವನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ. ತೆನೆಗಳೆಲ್ಲಾ ಕಣಕ್ಕೆ ಬೀಳುವದಕ್ಕೆ ಮುಂಚೆ ಅವನು ಹೊಲದಲ್ಲಿ ತಿರುಗಾಡಿ, ಕಾಳು ತುಂಬಿದ ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಇಡುವನು. ಅದು ಬೀಜದ ಜೋಳವು. ಅದಕ್ಕೆ ಬೂದಿ ಬೆರಸಿ, ಬೇವಿನ ಎಲೆ ಹಾಕಿ, ಹುಳ ಹತ್ತದಂತೆ ಕಾಯುವನು. ಬೇಸಿಗೆಯಲ್ಲಿ ಮನೆಯ ಕಾಳು ಮುಗಿದು ಹಸಿವು ಬಂದರೂ ಆ ಬೀಜಕ್ಕೆ ಕೈಹಾಕನು. ಸಾಲ ಮಾಡಿಯಾದರೂ ಬೇರೆ ಕಾಳು ತಂದು ತಿನ್ನುವನು. ಯಾಕಂದರೆ ಬೀಜವನ್ನು ತಿಂದ ಮನೆಗೆ ಮುಂದಿನ ವರುಷದಲ್ಲಿ ಬೆಳೆಯಿಲ್ಲವೆಂದು ಅವನಿಗೆ ಗೊತ್ತು.

ನಂಬಿಕೆಯ ವಿಷಯದಲ್ಲಿಯೂ ಇದೇ ಮಾತು. ದೇವರು ನಮಗೆ ಕೊಟ್ಟ ಸುವಾರ್ತೆಯು ನಮ್ಮ ಒಂದು ತಲೆಯ ಊಟಕ್ಕೆ ಮಾತ್ರ ಸಾಕಾಗುವ ಕಾಳಲ್ಲ, ಅದು ಬೀಜವು. ನಾವು ಅದರಿಂದ ಸಮಾಧಾನ ಹೊಂದಿ, ಸಾಯುವಾಗ ಅದರ ಬಲದಿಂದ ಕಣ್ಣುಮುಚ್ಚಿ, ಮಕ್ಕಳ ಎದೆಯಲ್ಲಿ ಒಂದು ಕಾಳನ್ನಾದರೂ ಬಿತ್ತದೆ ಹೋದರೆ, ನಾವು ಬೀಜವನ್ನು ತಿಂದು ಮುಗಿಸಿದವರಾಗುವೆವು.

ಈಗ ದೇವರ ವಾಕ್ಯವನ್ನು ನೋಡೋಣ. ಇಸ್ರಾಯೇಲ್ಯರು ಯೊರ್ದನ್ ಹೊಳೆಯ ದಡಕ್ಕೆ ಬಂದಾಗ ಅದು ಸುಗ್ಗಿಯ ಕಾಲ. ಹೊಳೆಯು ದಡ ಮೀರಿ ಹರಿಯುತ್ತಿತ್ತು. ಯಾಜಕರು ಮಂಜೂಷವನ್ನು ಹೊತ್ತು ನೀರಿನಲ್ಲಿ ಕಾಲಿಡಲು ನೀರು ನಿಂತಿತು. ಜನರೆಲ್ಲರೂ ಒಣನೆಲದ ಮೇಲೆ ದಾಟಿದರು. ಆಗ ಯೆಹೋಶುವನು ದೇವರ ಅಪ್ಪಣೆಯಂತೆ ಕುಲಕ್ಕೆ ಒಬ್ಬನಂತೆ ಹನ್ನೆರಡು ಮಂದಿಯನ್ನು ಕರೆದು, ಹೊಳೆಯ ನಡುವಿನಿಂದ ಒಬ್ಬೊಬ್ಬನು ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತರುವಂತೆ ಹೇಳಿ, ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಯಾತಕ್ಕೆ? ಮುಂದೆ ಮಕ್ಕಳು ಈ ಕಲ್ಲುಗಳನ್ನು ಕಂಡು, ಇವು ಏನೆಂದು ತಮ್ಮ ತಂದೆಗಳನ್ನು ಕೇಳುವರು. ಆಗ ತಂದೆಗಳು ದೇವರು ಮಾಡಿದ ರಕ್ಷಣೆಯನ್ನು ವಿವರಿಸಬೇಕು ಎಂಬದೇ ಕಾರಣವು.

ಇಲ್ಲಿ ದೇವರ ಜ್ಞಾನವನ್ನು ಗಮನಿಸಿರಿ. ಮಕ್ಕಳು ಸುಮ್ಮನೆ ಕೂತು ಕೇಳುವವರಲ್ಲ, ಕಂಡದ್ದನ್ನೆಲ್ಲಾ ಪ್ರಶ್ನೆಮಾಡುವವರು ಎಂಬದನ್ನು ಅವರನ್ನು ಉಂಟುಮಾಡಿದಾತನು ಬಲ್ಲನು. ಪಸ್ಕದ ಹಬ್ಬವನ್ನು ನೇಮಿಸಿದಾಗಲೂ ಆತನು, ಈ ಆಚಾರವೇನೆಂದು ಮಕ್ಕಳು ಕೇಳುವರೆಂದು ಮೊದಲೇ ತಿಳಿಸಿ, ಕೊಡತಕ್ಕ ಉತ್ತರವನ್ನೂ ಕಲಿಸಿದನು. ಆದದರಿಂದ ಮಗುವಿನ ಪ್ರಶ್ನೆಯನ್ನು ತೊಂದರೆಯೆಂದು ಎಣಿಸಬೇಡಿರಿ. ಅದು ದೇವರೇ ತೆರೆದ ಬಾಗಿಲು.

ಆದರೆ ನ್ಯಾಯಸ್ಥಾಪಕರ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಒಂದು ದುಃಖದ ಸಂಗತಿಯನ್ನು ಓದುತ್ತೇವೆ. ಯೆಹೋಶುವನು ನೂರಹತ್ತು ವರುಷದವನಾಗಿ ಸತ್ತನು. ಅವನ ಕಾಲದವರೂ ಒಬ್ಬೊಬ್ಬರಾಗಿ ಸತ್ತರು. ಅವರ ತರುವಾಯ ಎದ್ದ ಸಂತತಿಯವರು ಯೆಹೋವನನ್ನೂ ಆತನು ಇಸ್ರಾಯೇಲಿಗೆ ಮಾಡಿದ ಕಾರ್ಯವನ್ನೂ ಅರಿಯದೆ ಬಾಳನ ಪೂಜೆಗೆ ಬಿದ್ದರು. ಗಿಲ್ಗಾಲಿನ ಕಲ್ಲುಗಳನ್ನು ಯಾರಾದರೂ ಕಿತ್ತು ಒಯ್ದಿದ್ದರೆಂದು ಅಲ್ಲಿ ಬರೆದಿಲ್ಲ. ಕಲ್ಲುಗಳು ನಿಂತಿದ್ದಿರಬಹುದು, ಹೇಳುವ ಬಾಯಿ ಮಾತ್ರ ಮುಚ್ಚಿಹೋಗಿತ್ತು. ಹೊಳೆ ದಾಟಿದ ತಂದೆಗಳ ಮನೆಯಲ್ಲಿಯೇ ದೇವರನ್ನು ಅರಿಯದ ಮಕ್ಕಳು ಬೆಳೆದರು.

ಪ್ರಿಯರೇ, ನಮ್ಮ ಸಭೆಗಳಲ್ಲಿಯೂ ಇಂಥ ಕಲ್ಲುಗಳು ನಿಂತಿವೆ. 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದು ಇಳಿದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಮಿಷನ್ ಠಾಣೆಗಳಾದವು. ಆ ಕಾಲದಲ್ಲಿ ಕ್ರಿಸ್ತನನ್ನು ಹಿಂಬಾಲಿಸಿದವರು ಬಂಧುಗಳನ್ನೂ ಆಸ್ತಿಯನ್ನೂ ಬಿಡಬೇಕಾಗುತ್ತಿತ್ತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಬ್ರಾಹ್ಮಣ ಯುವಕರಾದ ಆನಂದರಾವ್ ಕೌಂಡಿನ್ಯರ ಹೆಸರನ್ನು ನೀವು ಕೇಳಿರುವಿರಿ; ಅವರು ಬಿಟ್ಟದ್ದು ಅಲ್ಪವಲ್ಲ. ಹೆಸರು ಯಾವ ಪುಸ್ತಕದಲ್ಲಿಯೂ ಬಾರದ ನೇಕಾರರೂ ಕೂಲಿಯವರೂ ಒಕ್ಕಲುತನದವರೂ ತಮ್ಮ ತಮ್ಮ ಊರುಗಳಲ್ಲಿ ಇದರಂತೆಯೇ ತಮ್ಮ ಯೊರ್ದನನ್ನು ದಾಟಿದರು. ಅವರು ಕಟ್ಟಿದ ದೇವಾಲಯಗಳು ಇವೆ, ಗಂಟೆ ಇದೆ, ಸಮಾಧಿಯ ಕಲ್ಲುಗಳಿವೆ, ಸಭೆಯ ದಫ್ತರದಲ್ಲಿ ಅವರ ಹೆಸರುಗಳಿವೆ. ನಮ್ಮ ಮಕ್ಕಳಿಗೂ ದಾನಿಯೇಲ, ಯೋಹಾನ, ರೂತ್, ಮರಿಯಳೆಂದು ಸತ್ಯವೇದದ ಹೆಸರಿಟ್ಟಿದ್ದೇವೆ. ಈ ಕಲ್ಲುಗಳೇನೋ ಗಟ್ಟಿಯಾಗಿವೆ. ಆದರೆ ಇವು ಏನೆಂದು ಮಗನು ಕೇಳಿದರೆ ಉತ್ತರ ಹೇಳುವ ತಂದೆ ಮನೆಯಲ್ಲಿ ಇದ್ದಾನೋ?

ಇದನ್ನು ನಾನು ನಿಮ್ಮ ಮೇಲೆ ಬೆರಳುಮಾಡಿ ಬರೆಯುತ್ತಿಲ್ಲ. ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಉಪದೇಶಿ. ವಾರದಲ್ಲಿ ನಾಲ್ಕು ಊರು ತಿರುಗಿ ಬೇರೆಯವರ ಮಕ್ಕಳಿಗೆ ಪ್ರಶ್ನೋತ್ತರ ಕಲಿಸುವವನು. ನನ್ನ ಮಗನು ಹತ್ತು ವರುಷದವನಿದ್ದಾಗ ಭಾನುವಾರದ ಶಾಲೆಯ ಬಹುಮಾನಕ್ಕಾಗಿ ದಶಾಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದನು. ನನಗೆ ಹೆಮ್ಮೆಯಾಗಿತ್ತು. ಒಂದು ರಾತ್ರಿ ಅವನು ಪಾಠ ಒಪ್ಪಿಸಿ ಮುಗಿಸಿ, “ಅಪ್ಪಾ, ದೇವರು ನಿನಗೆ ಏನು ಮಾಡಿದ್ದಾನೆ?” ಎಂದು ಕೇಳಿದನು. ನಾನು ದಣಿದಿದ್ದೆನು. “ನಾಳೆ ಹೇಳುತ್ತೇನೆ, ಮಲಗು” ಅಂದೆನು. ಮರುದಿನ ಹೊತ್ತು ಮೂಡುವದಕ್ಕೆ ಮುಂಚೆ ಬೇರೆ ಊರಿಗೆ ಹೊರಟೆನು. ಅವನು ಮತ್ತೆ ಕೇಳಲಿಲ್ಲ; ನಾನೂ ಹೇಳಲಿಲ್ಲ.

ಕೆಲವು ತಿಂಗಳುಗಳ ಮೇಲೆ ಅವನು ನೆರೆಮನೆಯ ನೇಕಾರರ ಹುಡುಗನ ಸಂಗಡ ಕಟ್ಟೆಯ ಮೇಲೆ ಕೂತು ಮಾತಾಡುವದು ನನ್ನ ಕಿವಿಗೆ ಬಿತ್ತು. “ನಿಮ್ಮಪ್ಪ ನೇಯುವ ಹಾಗೆ ನಮ್ಮಪ್ಪ ಪ್ರಾರ್ಥನೆ ಮಾಡುತ್ತಾನೆ. ಅದು ಅವನ ಕೆಲಸ. ನಾನು ದೊಡ್ಡವನಾದ ಮೇಲೆ ಬೇರೆ ಕೆಲಸ ಹಿಡಿಯುತ್ತೇನೆ” ಎಂದು ಅವನು ಹೇಳುತ್ತಿದ್ದನು. ಅದರಲ್ಲಿ ಕುಚೋದ್ಯವಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದನು. ಸತ್ಯವೇದವೆಂದರೆ ಅಪ್ಪನ ಮಗ್ಗವು, ಪ್ರಾರ್ಥನೆಯೆಂದರೆ ಅಪ್ಪನ ಕೂಲಿಯು ಎಂದು ನನ್ನ ಮಗನು ತಿಳಿದಿದ್ದನು. ಆ ದಿನ ನಾನು ಸಭೆಯಲ್ಲಿ ಓದಬೇಕಾಗಿದ್ದ ಪ್ರಸಂಗವನ್ನು ಮಡಿಚಿಟ್ಟು ಬಹಳ ಹೊತ್ತು ಕೂತೆನು.

ಆ ರಾತ್ರಿ ಅವನನ್ನು ಹತ್ತರ ಕರೆದು, “ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿಲ್ಲ, ಈಗ ಕೇಳು” ಅಂದೆನು. ನಮ್ಮ ಮುತ್ತಜ್ಜನು ಕ್ರಿಸ್ತನ ಹೆಸರನ್ನು ಒಪ್ಪಿಕೊಂಡ ಮೇಲೆ ಊರ ಬಾವಿಯ ನೀರು ತಪ್ಪಿದ್ದನ್ನೂ, ಮುತ್ತಜ್ಜಿಯು ಬೇಸಿಗೆಯೆಲ್ಲಾ ಹಳ್ಳದ ಮರಳಿನಲ್ಲಿ ಒರತೆ ತೋಡಿ ಕೊಡ ತುಂಬಿಸಿ ತಂದದ್ದನ್ನೂ ಹೇಳಿದೆನು. ಇದನ್ನು ಹೇಳುವದು ಕಷ್ಟವಾಗಲಿಲ್ಲ. ಆದರೆ ಅವನು ಕೇಳಿದ್ದು ಮುತ್ತಜ್ಜನಿಗೆ ದೇವರು ಏನು ಮಾಡಿದನೆಂದಲ್ಲ, ನನಗೆ ಏನು ಮಾಡಿದನೆಂದು. ಆದದರಿಂದ ಯಾರಿಗೂ ಹೇಳದ ಮಾತನ್ನು ಹೇಳಬೇಕಾಯಿತು. ನಾನು ಹತ್ತೊಂಬತ್ತು ವರುಷದವನಿದ್ದಾಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಇದ್ದು, ಕೆಲವು ಸಾರಿ ಹಣವನ್ನು ಕದ್ದೆನು. ಯಾರೂ ಕಂಡಿರಲಿಲ್ಲ. ಆದರೆ ಒಂದು ಭಾನುವಾರ ಕರ್ತನ ರಾತ್ರಿಭೋಜನಕ್ಕೆ ಕೈಚಾಚಲು ಹೋದಾಗ ಆ ಕೈ ನನಗೆ ಕಳ್ಳನ ಕೈಯಾಗಿ ಕಾಣಿಸಿತು. ಎದ್ದು ಹೊರಗೆ ಹೋದೆನು. ಮೂರು ದಿನ ನಿದ್ರೆಯಿಲ್ಲದೆ ಹೊರಳಾಡಿ, ನಾಲ್ಕನೆಯ ದಿನ ಯಜಮಾನನ ಮುಂದೆ ಎಲ್ಲವನ್ನೂ ಹೇಳಿದೆನು. ಕ್ರಿಸ್ತನ ರಕ್ತವು ಪಾಪವನ್ನು ತೊಳೆಯುತ್ತದೆಂಬದು ಅದುವರೆಗೆ ನನಗೆ ಪಾಠವಾಗಿತ್ತು. ಆ ದಿನ ಅದು ನನ್ನದಾಯಿತು.

ಮಗನ ಮುಂದೆ ನನ್ನ ಕಳ್ಳತನವನ್ನು ಹೇಳುವಾಗ ನನ್ನ ಮುಖ ಬೆವರಿತು. ಅವನು ಬಹಳ ಹೊತ್ತು ಸುಮ್ಮನಿದ್ದು, “ಆ ಯಜಮಾನ ನಿನ್ನನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಂಡನೋ?” ಎಂದು ಕೇಳಿದನು. “ಇಟ್ಟುಕೊಂಡನು. ಕದ್ದದ್ದನ್ನು ತಿಂಗಳು ತಿಂಗಳಿಗೆ ತೀರಿಸಿದೆನು” ಅಂದೆನು. ಆ ರಾತ್ರಿ ಅವನು ಮೊದಲನೆಯ ಸಾರಿ ಬಾಯಿಪಾಠದ ಪ್ರಾರ್ಥನೆಯನ್ನು ಬಿಟ್ಟು ತನ್ನ ಸ್ವಂತ ಮಾತಿನಲ್ಲಿ ದೇವರನ್ನು ಬೇಡಿಕೊಂಡನು. ಏನು ಬೇಡಿಕೊಂಡನೆಂದು ಇಲ್ಲಿ ಬರೆಯುವದಿಲ್ಲ. ಅದು ಅವನಿಗೂ ಕರ್ತನಿಗೂ ಸೇರಿದ್ದು. ಅವನು ಅಂದಿನಿಂದ ದೇವದೂತನಾದನೆಂದು ಹೇಳಲಾರೆನು. ಈಗಲೂ ಹಟ ಮಾಡುತ್ತಾನೆ, ಪ್ರಾರ್ಥನೆಯಲ್ಲಿ ತೂಕಡಿಸುತ್ತಾನೆ. ಆದರೆ ಪ್ರಾರ್ಥನೆಯು ಅಪ್ಪನ ಕೂಲಿಯೆಂದು ಮತ್ತೆ ಅವನು ಹೇಳಿದ್ದನ್ನು ನಾನು ಕೇಳಿಲ್ಲ.

ಹೀಗಿರಲಾಗಿ, ಈ ವಾಕ್ಯದಿಂದ ನಾವು ಕಲಿಯತಕ್ಕ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು: ಮಕ್ಕಳಿಗೆ ಕಲಿಸುವ ಭಾರವನ್ನು ದೇವರು ಮನೆಯ ಮೇಲೆ ಇಟ್ಟಿದ್ದಾನೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಮೋಶೆಯು ಹೇಳುವ ಕ್ರಮವನ್ನು ನೋಡಿರಿ. ದೇವರ ಮಾತು ಮೊದಲು ನಿನ್ನ ಹೃದಯದಲ್ಲಿರಬೇಕು. ತರುವಾಯ ಮನೆಯಲ್ಲಿ ಕೂತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ, ಮಲಗುವಾಗಲೂ ಏಳುವಾಗಲೂ ಅದನ್ನು ಮಕ್ಕಳ ಸಂಗಡ ಮಾತಾಡಬೇಕು. ಅಲ್ಲಿ ಯಾಜಕನ ಹೆಸರಿಲ್ಲ, ಶಾಲೆಯ ಹೆಸರಿಲ್ಲ. ತಂದೆಯೂ ಮಗನೂ ಇದ್ದಾರೆ. ಲೂಥರನು 1528ರಲ್ಲಿ ಸಾಕ್ಸನಿ ಸೀಮೆಯ ಹಳ್ಳಿಯ ಸಭೆಗಳನ್ನು ನೋಡಿ ಬಂದಾಗ, ದೀಕ್ಷಾಸ್ನಾನ ಹೊಂದಿದ ಜನರೇ ಕರ್ತನ ಪ್ರಾರ್ಥನೆಯನ್ನೂ ದಶಾಜ್ಞೆಗಳನ್ನೂ ಅರಿಯದೆ ಇರುವದನ್ನು ಕಂಡು ಬಹಳ ನೊಂದುಕೊಂಡನು. 1529ರಲ್ಲಿ ಅವನು ತನ್ನ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಅಚ್ಚುಹಾಕಿಸಿದಾಗ, ಮನೆಯ ಯಜಮಾನನು ತನ್ನ ಮನೆಯವರಿಗೆ ಸರಳವಾಗಿ ಕಲಿಸುವದಕ್ಕೆಂದೇ ಅದರ ಭಾಗಗಳನ್ನು ಬರೆದನು. ನಾವಾದರೋ ಅದನ್ನು ಮನೆಯಿಂದ ತೆಗೆದು ಶಾಲೆಯ ಕಪಾಟಿನಲ್ಲಿ ಇಟ್ಟೆವು. ಭಾನುವಾರದ ಶಾಲೆಗೆ ವಾರದಲ್ಲಿ ಒಂದು ತಾಸು. ಮನೆಗೆ ಉಳಿದ ಹೊತ್ತೆಲ್ಲಾ.

1914ರಲ್ಲಿ ಯೂರೋಪಿನ ಮಹಾಯುದ್ಧವು ಹೊತ್ತಿದ ಮೇಲೆ ನಮ್ಮ ಸೀಮೆಯಲ್ಲಿದ್ದ ಜರ್ಮನ್ ಮಿಷನೆರಿಗಳು ಸೆರೆಯಾಗಿ, ಕಡೆಗೆ ದೇಶವನ್ನು ಬಿಡಬೇಕಾಯಿತು. ಸಭೆಗಳು ಅಳಿದುಹೋಗಲಿಲ್ಲ. ಈ ನಾಡಿನ ಪಾಸ್ಟರರೂ ಉಪದೇಶಿಗಳೂ ಇದ್ದರು. ಅವರ ಹಿಂದೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆ ಮಾಡುವ ಮನೆಗಳೂ ಇದ್ದವು. ಹೊರಗಿನ ಆಸರೆ ಬಿದ್ದಾಗ ಸಭೆಯನ್ನು ಹಿಡಿಯುವದು ಒಳಗಿನ ಕಂಬವೇ.

ಎರಡನೆಯದು: ಓದುಬರಹ ಬಾರದೆಂದು ಯಾವ ತಾಯಿಯೂ ಹಿಂಜರಿಯಬಾರದು. ತಿಮೊಥೆಯ ತಾಯಿ ಯೂನಿಕೆಯೂ ಅಜ್ಜಿ ಲೋವಿಯೂ ಸಭೆಯಲ್ಲಿ ಪ್ರಸಂಗಮಾಡಿದರೆಂದು ನಾವು ಓದುವದಿಲ್ಲ. ತಿಮೊಥೆಯ ತಂದೆ ಗ್ರೀಕನಾಗಿದ್ದನೆಂದು ಅಪೊಸ್ತಲರ ಕೃತ್ಯಗಳಲ್ಲಿ ಕಾಣುತ್ತೇವೆ. ಅವನ ನಂಬಿಕೆಯ ವಿಷಯದಲ್ಲಿ ಒಂದು ಮಾತೂ ಇಲ್ಲ. ಆದರೂ ಆ ಇಬ್ಬರು ಹೆಂಗಸರಲ್ಲಿದ್ದ ನಿಷ್ಕಪಟವಾದ ನಂಬಿಕೆಯು ಹುಡುಗನಲ್ಲಿ ಇಳಿದು, ಪೌಲನಿಗೆ ಮಗನಂಥ ಜೊತೆಗಾರನನ್ನು ಕೊಟ್ಟಿತು. ಗಂಡನು ದೇವಾಲಯಕ್ಕೆ ಬಾರದಿದ್ದರೆ ಮನೆಯಲ್ಲಿ ನನ್ನಿಂದೇನಾದೀತು ಎಂದು ಅಳುವ ತಾಯಿಯೇ, ಯೂನಿಕೆಯನ್ನು ನೆನಸು. ಸಂಜೆ ನೀನು ಹಾಲಿಗೆ ಹೆಪ್ಪು ಹಾಕುತ್ತೀಯಲ್ಲವೇ? ನಿನ್ನೆಯ ಮೊಸರಿನಲ್ಲಿ ಒಂದಿಷ್ಟನ್ನು ಉಳಿಸಿಕೊಂಡದ್ದರಿಂದ ನಾಳೆಗೆ ಮೊಸರಾಗುವದು. ಹಾಗೆಯೇ ನಿನ್ನ ಬಾಯಲ್ಲಿರುವ ಒಂದು ಕೀರ್ತನೆ, ಯೇಸುವಿನ ಒಂದು ಕಥೆ, ಎರಡು ಮಾತಿನ ಒಂದು ಪ್ರಾರ್ಥನೆ, ಇವುಗಳನ್ನು ದಿನಾಲು ಮಗುವಿನಲ್ಲಿ ಹಾಕು. ಸ್ವಲ್ಪವೇ ಸಾಕು, ಆದರೆ ತಪ್ಪಿಸಬೇಡ. ಒಂದು ಸಂಜೆ ಮರೆತರೆ ಮರುದಿನ ನೆರೆಮನೆಗೆ ಬಟ್ಟಲು ಹಿಡಿದು ಹೋಗಬೇಕಾಗುವದೆಂದು ನಿನಗೆ ಗೊತ್ತಿದೆ.

ಮೂರನೆಯದು: ಬಾಯಿಂದ ಹೇಳಿದ್ದನ್ನು ನಡತೆಯಿಂದ ಅಳಿಸಬಾರದು. ಮಕ್ಕಳು ನಾವು ಕಲಿಸುವಾಗ ಮಾತ್ರ ಕಲಿಯುತ್ತಾರೆಂದು ಎಣಿಸುತ್ತೇವೆ; ಅವರು ನಾವು ಮರೆತಿರುವಾಗ ಹೆಚ್ಚಾಗಿ ಕಲಿಯುತ್ತಾರೆ. ದೇವಾಲಯದಲ್ಲಿ ಸಮಾಧಾನದ ಕೀರ್ತನೆ ಹಾಡಿ ಬಂದು, ಪಡಸಾಲೆಯಲ್ಲಿ ಕೂತು ಸಭೆಯ ಹಿರಿಯರನ್ನು ಬೈಯುವದನ್ನು ಅವರು ಕೇಳುತ್ತಾರೆ. ಸಾಲಗಾರನು ಬಂದಾಗ “ಅಪ್ಪ ಮನೆಯಲ್ಲಿಲ್ಲವೆಂದು ಹೇಳು” ಎಂದು ನಾವು ಕಳುಹಿಸಿದ ಸುಳ್ಳನ್ನು ಬಾಗಲಿಗೆ ಒಯ್ಯುವದು ಅವರ ಬಾಯೇ. ಸೇಂದಿ ಸಾರಾಯಿಗೆ ಹೋದ ಹಣವೆಷ್ಟು, ಕಾಣಿಕೆಯ ತಟ್ಟೆಗೆ ಬಿದ್ದದ್ದೆಷ್ಟು ಎಂಬ ಲೆಕ್ಕವು ಅವರಿಗೆ ತಿಳಿದಿದೆ. ಬೇರೆ ಜಾತಿಯಿಂದ ಸಭೆಗೆ ಬಂದ ಸಹೋದರನ ಮನೆಯಲ್ಲಿ ನಾವು ಊಟಕ್ಕೆ ಕೂಡ್ರುತ್ತೇವೋ, ನೆವ ಹೇಳಿ ತಪ್ಪಿಸಿಕೊಳ್ಳುತ್ತೇವೋ ಎಂಬದನ್ನೂ ನೋಡುತ್ತಾರೆ. ಇಂಥ ತಪ್ಪುಗಳು ನಮ್ಮಲ್ಲಿ ಇಲ್ಲವೇ ಇಲ್ಲವೆಂದು ತೋರಿಸಬೇಡಿರಿ. ತಪ್ಪಿದಾಗ ಮಗುವಿನ ಮುಂದೆಯೇ ತಪ್ಪಿದೆನೆಂದು ಒಪ್ಪಿಕೊಳ್ಳಿರಿ. ಪಶ್ಚಾತ್ತಾಪವೆಂದರೇನೆಂದು ಅವರು ನೋಡಿ ಕಲಿಯುವದು ನಮ್ಮಲ್ಲಿಯೇ.

ನಾಲ್ಕನೆಯದು: ತಿದ್ದುವದರಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು ಏಲಿಯ ದಾರಿ. ಅವನ ಮಕ್ಕಳು ಯಜ್ಞದ ಮಾಂಸವನ್ನು ಬಲಾತ್ಕಾರದಿಂದ ತೆಗೆದುಕೊಳ್ಳುತ್ತಿರುವಾಗ ಅವನು ಬಾಯಿಮಾತಿನಿಂದ ಗದರಿಸಿದನೇ ಹೊರತು ತಡೆಯಲಿಲ್ಲ. ಅದಕ್ಕಾಗಿ ಅವನ ಮನೆಗೆ ನ್ಯಾಯತೀರ್ಪಾಯಿತು. ಇನ್ನೊಂದು ಬರೇ ಬಡಿಗೆಯ ದಾರಿ. ಪ್ರಾರ್ಥನೆಗೆ ತಡವಾಗಿ ಬಂದನೆಂದು ಮಗನನ್ನು ಹೊಡೆದು ಮೊಣಕಾಲೂರಿಸುವ ತಂದೆಯು, ದೇವರೆಂದರೆ ಆಕಾಶದಲ್ಲಿರುವ ಮತ್ತೊಂದು ಬಡಿಗೆಯೆಂದು ಕಲಿಸುತ್ತಾನೆ. ಅಂಥವನು ಪ್ರಾಯಕ್ಕೆ ಬಂದು ಪಟ್ಟಣಕ್ಕೆ ಕೆಲಸಕ್ಕೆ ಹೋದ ದಿನವೇ ಎರಡನ್ನೂ ಬಿಡುವನು. ತಂದೆಗಳು ಮಕ್ಕಳಿಗೆ ಕೋಪವೆಬ್ಬಿಸದೆ ಕರ್ತನ ಶಿಕ್ಷಣದಲ್ಲಿ ಸಾಕಬೇಕೆಂದು ಪೌಲನು ಎಫೆಸದವರಿಗೆ ಬರೆದದ್ದು ಸುಮ್ಮನೆ ಅಲ್ಲ. ತಡೆಯತಕ್ಕದ್ದನ್ನು ತಡೆಯಿರಿ, ತಡೆದ ಕೈಯಿಂದಲೇ ತಲೆಯನ್ನೂ ಸವರಿರಿ.

ಕಡೆಯದಾಗಿ, ಈ ಮಾತುಗಳನ್ನು ಓದುತ್ತಾ ಎದೆ ಒಡೆದುಕೊಳ್ಳುವ ಕೆಲವು ತಂದೆತಾಯಿಗಳು ನಿಮ್ಮಲ್ಲಿ ಇದ್ದಾರೆಂದು ಬಲ್ಲೆನು. “ಉಪದೇಶಿಗಳೇ, ನಾವು ಹೇಳಿದೆವು, ಪ್ರಾರ್ಥಿಸಿದೆವು, ಆದರೂ ಮಗನು ಸಭೆಯನ್ನು ಬಿಟ್ಟನು, ಮಗಳು ದೂರವಾದಳು” ಎಂದು ನನಗೆ ಹೇಳಿದವರಿದ್ದಾರೆ. ಅವರ ಗಾಯಕ್ಕೆ ಉಪ್ಪು ಹಚ್ಚಲು ನಾನು ಬರೆಯುತ್ತಿಲ್ಲ. ಪ್ರವಾದಿಯಾದ ಸಮುವೇಲನ ಮಕ್ಕಳೂ ಲಂಚಕ್ಕೆ ಕೈಯೊಡ್ಡಿದರು. ನಾವು ಬಿತ್ತಬಹುದು, ನೀರೆರೆಯಬಹುದು; ಮೊಳಕೆ ತರಿಸುವ ಶಕ್ತಿಯು ದೇವರದೇ. ಮಕ್ಕಳ ನಂಬಿಕೆಯನ್ನು ನಾವು ಉಂಟುಮಾಡಬೇಕೆಂದಲ್ಲ, ನಾವು ಕಂಡದ್ದನ್ನು ಮುಚ್ಚಿಡದೆ ಹೇಳಬೇಕೆಂಬದೇ ಆಜ್ಞೆ. ಮಣ್ಣಿನೊಳಗೆ ಬಿದ್ದ ಕಾಳು ಎಂದು ಏಳುವದೋ ರೈತನು ತೋಡಿ ನೋಡುವದಿಲ್ಲ.

ಆಗಸ್ಟಿನನ ತಾಯಿಯಾದ ಮೋನಿಕಳ ಸಂಗತಿಯನ್ನು ನೆನಸಿರಿ. 354ರಲ್ಲಿ ಹುಟ್ಟಿದ ಆ ಮಗನು ಪ್ರಾಯದಲ್ಲಿ ತಾಯಿಯ ನಂಬಿಕೆಯನ್ನು ಬಿಟ್ಟು, ತಪ್ಪು ಬೋಧನೆಯಲ್ಲಿಯೂ ದುರಾಶೆಯಲ್ಲಿಯೂ ಬಹಳ ವರುಷ ಅಲೆದನು. ಅವಳು ಅವನಿಗಾಗಿ ಕಣ್ಣೀರಿನಿಂದ ಪ್ರಾರ್ಥಿಸುವದನ್ನು ಬಿಡಲಿಲ್ಲ. ಸಮುದ್ರ ದಾಟಿ ಅವನನ್ನು ಹುಡುಕಿಕೊಂಡು ಹೋದಳು. 387ರ ಪುನರುತ್ಥಾನದ ಹಬ್ಬದಲ್ಲಿ ಅವನು ಮಿಲಾನ್ ಪಟ್ಟಣದಲ್ಲಿ ದೀಕ್ಷಾಸ್ನಾನ ಹೊಂದಿದನು. ಅದೇ ವರುಷ ಅವಳು ಊರಿಗೆ ಹಿಂತಿರುಗುವ ದಾರಿಯಲ್ಲಿ ಸತ್ತಳು. ಬೆಳೆಯನ್ನು ಕಣ್ಣಾರೆ ಕಂಡು ಸತ್ತಳು. ಎಲ್ಲಾ ತಾಯಂದಿರಿಗೂ ಅದನ್ನು ಕಾಣುವ ಭಾಗ್ಯ ದೊರೆಯುವದಿಲ್ಲ. ಆದರೆ ಕರ್ತನು ಹೇಳಿದ ಸಾಮ್ಯದಲ್ಲಿ ತಂದೆಯು ದೂರದಲ್ಲಿಯೇ ಮಗನನ್ನು ಗುರುತಿಸಿದನಲ್ಲವೇ? ದಾರಿಯ ಕಡೆಗೆ ನೋಡುವವನಿಗೆ ಮಾತ್ರ ಹಾಗೆ ಕಾಣುವದು. ದೂರ ಹೋದ ಮಗನನ್ನು ಶಪಿಸಬೇಡಿರಿ. ಬಾಗಲಿಗೆ ಅಗಳಿ ಹಾಕಬೇಡಿರಿ. ಅವನ ಹೆಸರನ್ನು ಮನೆಯ ಪ್ರಾರ್ಥನೆಯಿಂದ ತೆಗೆಯಬೇಡಿರಿ.

ಪ್ರಿಯರೇ, ಇಂದು ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿರಿ. ಊಟವಾದ ನಂತರ ಮಕ್ಕಳನ್ನು ಹತ್ತರ ಕೂಡ್ರಿಸಿಕೊಂಡು, ದೇವರು ನಿಮಗೆ ಮಾಡಿದ ಒಂದೇ ಒಂದು ಉಪಕಾರವನ್ನು ನಿಮ್ಮ ಮನೆಮಾತಿನಲ್ಲಿ ಹೇಳಿರಿ. ರೋಗದಲ್ಲಿ ಉಳಿಸಿದ್ದನ್ನಾಗಲಿ, ಜಗಳದಿಂದ ಬಿಡಿಸಿದ್ದನ್ನಾಗಲಿ, ಪಾಪವನ್ನು ಕ್ಷಮಿಸಿದ್ದನ್ನಾಗಲಿ ಹೇಳಿರಿ. ಹೇಳುವದಕ್ಕೆ ಏನೂ ಇಲ್ಲವೆಂದು ನಿಮಗೆ ತೋರಿದರೆ, ಅದು ಮಕ್ಕಳ ವಿಷಯವಲ್ಲ, ನಿಮ್ಮ ಸ್ವಂತ ಆತ್ಮದ ವಿಷಯವೆಂದು ತಿಳಿದು, ಆ ರಾತ್ರಿಯೇ ಒಬ್ಬರೇ ಮೊಣಕಾಲೂರಿ ಕರ್ತನನ್ನು ಹುಡುಕಿರಿ. ಮಕ್ಕಳನ್ನು ತನ್ನ ತೋಳಲ್ಲಿ ತೆಗೆದುಕೊಂಡು ಆಶೀರ್ವದಿಸಿದಾತನು ಅವರ ತಂದೆತಾಯಿಗಳನ್ನು ಹೊರಗೆ ನಿಲ್ಲಿಸಲಾರನು.

ಪರಲೋಕದ ತಂದೆಯೇ, ನಮ್ಮ ಹಿರಿಯರಿಗೆ ಹೊಳೆಯನ್ನು ದಾಟಿಸಿದ ನಿನ್ನ ಕೈಯನ್ನು ನಮ್ಮ ಮಕ್ಕಳೂ ಕಾಣಲಿ. ನಮ್ಮ ಮುಚ್ಚಿದ ಬಾಯಿಗಳನ್ನು ತೆರೆ. ನಮ್ಮ ನಡತೆಯಿಂದ ನಾವು ಕೆಡಿಸಿದ್ದನ್ನು ನಿನ್ನ ಕೃಪೆಯಿಂದ ಸರಿಪಡಿಸು. ದೂರವಾದವರನ್ನು ಹಿಂದಕ್ಕೆ ಕರೆದುಕೋ. ನಾವು ಬಿತ್ತಿದ ಬೀಜವನ್ನು ನೀನೇ ಬೆಳೆಯಿಸು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.